ಉದ್ದರಿಗೆ ದುಡಿಯಲು ಒಪ್ಪದ ತಲೆಮಾರು

ರಾತ್ರಿ ಒಂಬತ್ತೂವರೆಗೆ ಫೋನ್ ಸಣ್ಣಗೆ ಸದ್ದು ಮಾಡುತ್ತದೆ. ಮೇಲಧಿಕಾರಿಯ ಸಂದೇಶ. ಒಂದು ಕಡತ, ಅದರ ಕೆಳಗೆ ಒಂದು ಸಾಲು: ‘ಅವಸರವೇನಿಲ್ಲ, ನಾಳೆ ನೋಡಿದರೆ ಸಾಕು.’ ಕಳಿಸಿದವರು ಆ ಸಾಲನ್ನು ಸೌಜನ್ಯದಿಂದಲೇ ಬರೆದಿರುತ್ತಾರೆ. ಅದನ್ನು ಪಡೆದ ಇಪ್ಪತ್ತಾರರ ಹುಡುಗಿ ಮಾತ್ರ ಬೇರೆಯೇ ಓದಿಕೊಳ್ಳುತ್ತಾಳೆ. ನಾಳೆ ಸಾಕೆಂದಾದರೆ ಈಗೇಕೆ ಕಳಿಸಿದರು? ತಂಡದ ಇನ್ನೊಬ್ಬರು ಈಗಲೇ ನೋಡಿ ಉತ್ತರಿಸಿಬಿಟ್ಟರೆ? ಕಾಲು ಗಂಟೆ ತಡೆದುಕೊಂಡು ಕೊನೆಗೆ ಲ್ಯಾಪ್‌ಟಾಪ್ ತೆರೆಯುತ್ತಾಳೆ. ಕಡತ ನೋಡುವುದು ಇಪ್ಪತ್ತು ನಿಮಿಷದ ಕೆಲಸ. ಆದರೆ ಆ ರಾತ್ರಿ ಮತ್ತೆ ಅವಳ ಕೈಗೆ ಸಿಗುವುದಿಲ್ಲ.

ಇಂಥ ಸಂದೇಶ ಪಡೆದವರ ಸಾಲಿನಲ್ಲೂ ಕಳಿಸಿದವರ ಸಾಲಿನಲ್ಲೂ ನಾನು ನಿಂತಿದ್ದೇನೆ. ಹಾಗಾಗಿ ‘ಈಗಿನ ಹುಡುಗರಿಗೆ ಮೈ ಬಗ್ಗುವುದಿಲ್ಲ’ ಎಂಬ ಹಿರಿಯರ ಗೊಣಗಾಟವನ್ನಾಗಲಿ, ‘ಕಂಪನಿ ನಮ್ಮ ಬದುಕನ್ನೇ ನುಂಗಿತು’ ಎಂಬ ಕಿರಿಯರ ಸಿಟ್ಟನ್ನಾಗಲಿ ಪೂರ್ತಿ ನಂಬುವುದು ನನಗೆ ಕಷ್ಟ. ಇಬ್ಬರೂ ಒಂದೇ ಲೆಕ್ಕದ ಪುಸ್ತಕವನ್ನು ನೋಡುತ್ತಿದ್ದಾರೆ. ಒಬ್ಬರಿಗೆ ಜಮೆಯ ಪುಟ ಕಾಣುತ್ತಿದೆ, ಇನ್ನೊಬ್ಬರಿಗೆ ಬಾಕಿಯ ಪುಟ.

ಹಿರಿಯರ ಮಾತಿನಲ್ಲಿರುವ ಸತ್ಯಾಂಶವನ್ನು ಮೊದಲು ಒಪ್ಪಿಕೊಂಡುಬಿಡೋಣ. ಕಿರಿಯ ನೌಕರರು ಅತೃಪ್ತರಾಗಿರುವುದು ಹೊಸ ಸಂಗತಿಯಲ್ಲ. ಆಂಡ್ರ್ಯೂ ಕ್ಲಾರ್ಕ್, ಆಂಡ್ರ್ಯೂ ಆಸ್ವಾಲ್ಡ್ ಮತ್ತು ಪೀಟರ್ ವಾರ್ ಎಂಬ ಮೂವರು ಸಂಶೋಧಕರು ಬ್ರಿಟನ್ನಿನ ಐದು ಸಾವಿರಕ್ಕೂ ಹೆಚ್ಚು ನೌಕರರ ಉತ್ತರಗಳನ್ನು ವಯಸ್ಸಿಗನುಸಾರ ಜೋಡಿಸಿ 1996ರಲ್ಲಿ ಪ್ರಕಟಿಸಿದರು. ಅವರಿಗೆ ಸಿಕ್ಕಿದ್ದು ಇಂಗ್ಲಿಷಿನ ‘ಯು’ ಅಕ್ಷರದಂಥ ಗೆರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ತೃಪ್ತಿ ತಕ್ಕಮಟ್ಟಿಗೆ ಇರುತ್ತದೆ, ವರ್ಷ ಕಳೆದಂತೆ ಇಳಿಯುತ್ತ ಮೂವತ್ತರ ದಶಕದಲ್ಲಿ ತಳ ಮುಟ್ಟುತ್ತದೆ, ಆಮೇಲೆ ನಿಧಾನವಾಗಿ ಏರುತ್ತದೆ. ಅಂದು ತಳದಲ್ಲಿದ್ದವರೇ ಈಗ ಅರವತ್ತು ದಾಟಿದ್ದಾರೆ. ಅವರಲ್ಲಿ ಕೆಲವರಾದರೂ ಇಂದಿನ ಕಿರಿಯರ ಬಗ್ಗೆ ಗೊಣಗುತ್ತಿರಬಹುದು.

ಗೆರೆ ಮತ್ತೆ ಏರುವುದೇಕೆ ಎಂಬುದಕ್ಕೆ ಹಲವು ವಿವರಣೆಗಳಿವೆ. ಒಗ್ಗದ ಕೆಲಸವನ್ನು ಬಿಟ್ಟು ಒಗ್ಗುವ ಕೆಲಸ ಹುಡುಕಿಕೊಳ್ಳಲು ಕೆಲವರಿಗೆ ಅಷ್ಟು ವರ್ಷ ಬೇಕಾಗುತ್ತದೆ. ಕೆಲವರಿಗೆ ಅಷ್ಟರಲ್ಲಿ ಹುದ್ದೆ ಸಿಗುತ್ತದೆ, ಹುದ್ದೆಯ ಜೊತೆ ಹೇಳಿದ ಮಾತು ನಡೆಯತೊಡಗುತ್ತದೆ. ಇನ್ನು ಕೆಲವರು ನಿರೀಕ್ಷೆಯನ್ನೇ ಕತ್ತರಿಸಿಕೊಳ್ಳುತ್ತಾರೆ. ಈ ಮೂರನೆಯದನ್ನು ತೃಪ್ತಿ ಎನ್ನಬೇಕೋ ರಾಜಿ ಎನ್ನಬೇಕೋ ನನಗೆ ತಿಳಿಯದು. ಸಮೀಕ್ಷೆಯ ಹಾಳೆಯಲ್ಲಂತೂ ಎರಡಕ್ಕೂ ಒಂದೇ ಅಂಕ.

ಎಲ್ಲವನ್ನೂ ವಯಸ್ಸಿನ ಮೇಲೆ ಹೊರಿಸಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಹಿಂದೆಯೂ ಕಿರಿಯರು ಗೊಣಗುತ್ತಿದ್ದರು, ಆದರೆ ದುಡಿಯುತ್ತಿದ್ದರು. ಈಗ ಗೊಣಗುವುದರ ಜೊತೆಗೆ ಲೆಕ್ಕ ಕೇಳುತ್ತಿದ್ದಾರೆ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಹೆಚ್ಚು ನೆರವಾದದ್ದು ಮನೋವಿಜ್ಞಾನವಲ್ಲ, ಅರ್ಥಶಾಸ್ತ್ರದ ಒಂದು ಹಳೆಯ ವಾದ. 1979ರಲ್ಲಿ ಎಡ್ವರ್ಡ್ ಲೇಝಿಯರ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಒಂದು ಸರಳ ಪ್ರಶ್ನೆ ಎತ್ತಿದರು: ಸಂಸ್ಥೆಗಳು ನಿಗದಿತ ವಯಸ್ಸಿಗೆ ನೌಕರರನ್ನು ಕಡ್ಡಾಯವಾಗಿ ನಿವೃತ್ತಿಗೊಳಿಸುವುದೇಕೆ? ಅವರ ಉತ್ತರದ ತಿರುಳು ಇಷ್ಟು. ದೀರ್ಘಕಾಲದ ನೌಕರಿಯಲ್ಲಿ ಕಿರಿಯರಿಗೆ ಅವರ ದುಡಿಮೆಯ ಬೆಲೆಗಿಂತ ಕಡಿಮೆ ಸಂಬಳ ಸಿಗುತ್ತದೆ, ಹಿರಿಯರಿಗೆ ಅವರ ದುಡಿಮೆಯ ಬೆಲೆಗಿಂತ ಹೆಚ್ಚು. ಒಟ್ಟು ಸೇವಾವಧಿಯಲ್ಲಿ ಎರಡೂ ಸರಿದೂಗುತ್ತವೆ. ಹಿರಿಯರಿಗೆ ಕೊಡುವ ಆ ಹೆಚ್ಚುವರಿ ಹಣವನ್ನು ಎಲ್ಲಾದರೂ ಒಂದು ಕಡೆ ನಿಲ್ಲಿಸಲೇಬೇಕಾದ್ದರಿಂದ ಕಡ್ಡಾಯ ನಿವೃತ್ತಿ.

ಅಂದರೆ ಆ ಏರ್ಪಾಡಿನಲ್ಲಿ ಪ್ರತಿಯೊಬ್ಬ ಕಿರಿಯ ನೌಕರನೂ ಸಂಸ್ಥೆಗೆ ಸಾಲ ಕೊಡುತ್ತಿದ್ದ. ಹೆಚ್ಚುವರಿ ಗಂಟೆಗಳು, ನುಂಗಿಕೊಂಡ ಅವಮಾನ, ಮುಂದೂಡಿದ ರಜೆ ಎಲ್ಲವೂ ಆ ಉದ್ದರಿ ಖಾತೆಗೆ ಸೇರುತ್ತಿದ್ದವು. ಮರುಪಾವತಿಯ ಭರವಸೆ ಎಲ್ಲೂ ಲಿಖಿತವಾಗಿರಲಿಲ್ಲ, ಆದರೆ ಕಣ್ಣೆದುರಿಗಿತ್ತು. ಹತ್ತು ವರ್ಷ ಹಿಂದೆ ಸೇರಿದವರು ಕೊಠಡಿ ಪಡೆದದ್ದು, ಇಪ್ಪತ್ತು ವರ್ಷ ಹಿಂದೆ ಸೇರಿದವರು ಐದಕ್ಕೆ ಎದ್ದು ಮನೆಗೆ ಹೋಗುವುದು ಕಾಣುತ್ತಿತ್ತು. ನಿವೃತ್ತಿಯಾದವರ ಕೈಗೆ ಪಿಂಚಣಿ ಬರುತ್ತಿತ್ತು. ಕಷ್ಟಪಟ್ಟರೆ ಫಲವಿದೆ ಎಂದು ಹಿರಿಯರು ಹೇಳುವಾಗ ಅವರು ಸುಳ್ಳು ಹೇಳುತ್ತಿಲ್ಲ. ತಮ್ಮ ಸಾಲ ವಸೂಲಾದ ಅನುಭವವನ್ನೇ ಹೇಳುತ್ತಿದ್ದಾರೆ.

ಇಂದು ಕೆಲಸಕ್ಕೆ ಸೇರುವವರಿಗೆ ಆ ಪುರಾವೆ ಸಿಗುವುದು ಅಪರೂಪ. ಲಾಭದಲ್ಲಿರುವ ಸಂಸ್ಥೆಗಳೇ ಒಂದು ಇಮೇಲ್ ಮೂಲಕ ಸಾವಿರಾರು ಜನರನ್ನು ಕಳಿಸಿದ್ದನ್ನು ಅವರು ನೋಡಿದ್ದಾರೆ. ಹದಿನೈದು ವರ್ಷ ದುಡಿದ ತಂಡನಾಯಕನ ಲಾಗಿನ್ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಸ್ಥಗಿತವಾದದ್ದನ್ನು ಪಕ್ಕದ ಮೇಜಿನಿಂದ ಗಮನಿಸಿದ್ದಾರೆ. ಗುತ್ತಿಗೆಯ ನೇಮಕವಾದರೆ ವಸೂಲಿಯ ಪ್ರಶ್ನೆಯೇ ಇಲ್ಲ, ಹನ್ನೊಂದು ತಿಂಗಳ ನಂತರ ಖಾತೆಯೇ ಮುಚ್ಚಿಹೋಗುತ್ತದೆ. ನಾಳೆ ಅಂಗಡಿ ತೆರೆದಿರುತ್ತದೋ ಇಲ್ಲವೋ ಗೊತ್ತಿಲ್ಲದ ಕಡೆ ಯಾರು ಉದ್ದರಿ ಕೊಡುತ್ತಾರೆ? ಅವರು ನಗದು ಕೇಳುತ್ತಾರೆ. ಕೆಲವರಿಗೆ ನಗದೆಂದರೆ ಸಂಬಳ. ಸಂಬಳ ಒಂದು ಮಿತಿಯಾಚೆ ಏರದು ಎಂದು ತಿಳಿದವರಿಗೆ ನಗದೆಂದರೆ ಸಮಯ. ಕೆಲಸ ಮತ್ತು ಬದುಕಿನ ಸಮತೋಲನ ಎಂಬ ಬೇಡಿಕೆಯನ್ನು ನಾನು ಹೀಗೆ ಓದುತ್ತೇನೆ. ಆರು ಗಂಟೆಗೆ ಸರಿಯಾಗಿ ಏಳುವ ಹುಡುಗ ಅಂದಿನ ದುಡಿಮೆಯನ್ನು ಅಂದೇ ಚುಕ್ತಾ ಮಾಡಿಕೊಂಡು ಹೋಗುತ್ತಿದ್ದಾನೆ. ಅವನನ್ನು ಸೋಮಾರಿ ಎನ್ನುವ ಮುನ್ನ, ತಾನು ಸಾಲಕ್ಕೆ ಯೋಗ್ಯ ಗಿರಾಕಿಯೇ ಎಂದು ಸಂಸ್ಥೆ ತನ್ನನ್ನು ಕೇಳಿಕೊಳ್ಳಬಹುದು.

2022ರಲ್ಲಿ ಜಾಲತಾಣಗಳಲ್ಲಿ ಹರಡಿದ ‘ಕ್ವೈಟ್ ಕ್ವಿಟಿಂಗ್’, ಅಂದರೆ ಸದ್ದಿಲ್ಲದೆ ಕೆಲಸ ಬಿಡುವುದು, ಎಂಬ ಮಾತು ಇದೇ ಕಾರಣಕ್ಕೆ ನನಗೆ ತಮಾಷೆಯಾಗಿ ಕಂಡಿತ್ತು. ರಾಜೀನಾಮೆ ಕೊಡದೆ, ಒಪ್ಪಂದದಲ್ಲಿ ಬರೆದಷ್ಟು ಕೆಲಸವನ್ನು ಮಾತ್ರ ಮಾಡುವುದಕ್ಕೆ ಇಟ್ಟ ಹೆಸರದು. ಒಪ್ಪಿಕೊಂಡಷ್ಟು ಮಾಡುವುದನ್ನೇ ಕೆಲಸ ಬಿಡುವುದೆಂದು ಕರೆಯುತ್ತೇವೆ ಎಂದರೆ, ಒಪ್ಪಂದದಲ್ಲಿ ಇಲ್ಲದ ದುಡಿಮೆಗೆ ನಾವೆಷ್ಟು ಒಗ್ಗಿಹೋಗಿದ್ದೇವೆ ನೋಡಿ. ಅದರ ಹಿಂದಿನ ವರ್ಷ ಚೀನಾದಲ್ಲಿ ‘ತಾಂಗ್ ಪಿಂಗ್’, ಅಂದರೆ ಮೈಚಾಚಿ ಮಲಗಿಬಿಡುವುದು, ಎಂಬ ಮಾತು ಯುವಜನರ ಬಾಯಲ್ಲಿತ್ತು. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ, ವಾರಕ್ಕೆ ಆರು ದಿನ ದುಡಿಸುವ ಅಲ್ಲಿನ ‘996’ ಪದ್ಧತಿಗೆ ಕೊಟ್ಟ ಉತ್ತರದಂತಿತ್ತು ಅದು. ಆ ಪದ್ಧತಿ ಕಾನೂನುಬಾಹಿರ ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2021ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಬೇಕಾಯಿತು.

ಗಂಟೆಗಳ ಜಗಳ ಹಳೆಯದು. ಎಂಟು ಗಂಟೆ ದುಡಿಮೆ, ಎಂಟು ಗಂಟೆ ಬಿಡುವು, ಎಂಟು ಗಂಟೆ ವಿಶ್ರಾಂತಿ ಎಂಬ ವಿಂಗಡಣೆಯನ್ನು ಬ್ರಿಟನ್ನಿನ ಗಿರಣಿ ಮಾಲೀಕ, ಸಮಾಜ ಸುಧಾರಕ ರಾಬರ್ಟ್ ಓವೆನ್ ಮುಂದಿಟ್ಟದ್ದು 1817ರಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರಲ್ಲಿ ಹುಟ್ಟಿದಾಗ ಅದರ ಮೊಟ್ಟಮೊದಲ ಒಡಂಬಡಿಕೆಯೇ ಕೈಗಾರಿಕೆಯ ದುಡಿಮೆಯನ್ನು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗೆ ಮಿತಿಗೊಳಿಸುವುದಾಗಿತ್ತು. 1926ರಲ್ಲಿ ಹೆನ್ರಿ ಫೋರ್ಡ್ ತನ್ನ ಕಾರ್ಖಾನೆಗಳಲ್ಲಿ ವಾರಕ್ಕೆ ಐದು ದಿನದ ಕೆಲಸ ತಂದರು. ನೂರು ವರ್ಷ ಕಳೆಯುವಷ್ಟರಲ್ಲಿ ವಾರಕ್ಕೆ ಹದಿನೈದು ಗಂಟೆ ದುಡಿದರೆ ಸಾಕಾದೀತು ಎಂದು ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಬರೆದದ್ದು 1930ರಲ್ಲಿ. ಅವರು ಕೊಟ್ಟ ಗಡುವು ಹತ್ತಿರ ಬರುತ್ತಿದೆ, ಹದಿನೈದು ಗಂಟೆ ಹತ್ತಿರ ಬರುತ್ತಿಲ್ಲ.

ಆದರೆ ಆ ಹಳೆಯ ಜಗಳಕ್ಕೆ ಒಂದು ಅನುಕೂಲವಿತ್ತು. ಕಾರ್ಖಾನೆಗೆ ಗೇಟಿತ್ತು, ಸೈರನ್ ಇತ್ತು. ಗೇಟು ದಾಟಿದವನ ಕೈಗೆ ಯಂತ್ರವನ್ನು ಕೊಟ್ಟು ಕಳಿಸಲು ಆಗುತ್ತಿರಲಿಲ್ಲ. ಫೋನ್ ಆ ಗೇಟನ್ನು ಕಿತ್ತಿತು. ಈಗ ಎಷ್ಟು ಗಂಟೆ ದುಡಿದೆ ಎಂದು ಕೇಳಿದರೆ ಹಲವರು ತಡವರಿಸುತ್ತಾರೆ. ಊಟ ಮಾಡುತ್ತ ಓದಿದ ಹನ್ನೊಂದು ಸಂದೇಶಗಳನ್ನು ದುಡಿಮೆಗೆ ಸೇರಿಸಬೇಕೇ? ಸ್ನಾನ ಮಾಡುವಾಗ ನಾಳೆಯ ಮೀಟಿಂಗ್‌ಗೆ ಮನಸ್ಸಿನಲ್ಲೇ ಉತ್ತರ ಹೊಂದಿಸಿಕೊಂಡದ್ದನ್ನು? ಜರ್ಮನಿಯ ಮನೋವಿಜ್ಞಾನಿ ಸಬೀನೆ ಜೊನೆನ್‌ಟಾಗ್ ಅವರ ಸಂಶೋಧನೆಗಳ ಕೇಂದ್ರದಲ್ಲಿರುವುದು ಇದೇ. ಮನೆಗೆ ಬಂದ ಮಾತ್ರಕ್ಕೆ ದಣಿವು ಇಳಿಯುವುದಿಲ್ಲ, ಮನಸ್ಸು ಕೆಲಸದಿಂದ ಕಳಚಿಕೊಳ್ಳಬೇಕು ಎಂಬುದನ್ನು ಅವರು ಮತ್ತು ಅವರ ಸಹೋದ್ಯೋಗಿಗಳು ಹಲವು ಅಧ್ಯಯನಗಳಲ್ಲಿ ತೋರಿಸಿದ್ದಾರೆ. ಮೊದಲು ಹೇಳಿದ ಹುಡುಗಿಯ ಇಪ್ಪತ್ತು ನಿಮಿಷ ಒಂದು ರಾತ್ರಿಯನ್ನೇ ತಿಂದದ್ದು ಹೀಗೆ. ಸಂದೇಶ ಬಾರದ ರಾತ್ರಿಗಳಲ್ಲೂ, ಬಂದೀತು ಎಂಬ ಕಾಯುವಿಕೆಯೇ ಆ ಕೆಲಸ ಮಾಡುತ್ತದೆ.

ಹಾಗೆಂದು ಗಂಟೆಗಳು ಮುಖ್ಯವಲ್ಲವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಜಂಟಿಯಾಗಿ ಹೊರತಂದ ಅಂದಾಜಿನ ಪ್ರಕಾರ, ದೀರ್ಘ ದುಡಿಮೆಯ ಕಾರಣಕ್ಕೆ 2016ರ ಒಂದೇ ವರ್ಷದಲ್ಲಿ ಪಾರ್ಶ್ವವಾಯು ಮತ್ತು ಹೃದ್ರೋಗದಿಂದ ಸತ್ತವರು 7,45,000 ಮಂದಿ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ಸತ್ತವರಲ್ಲಿ ಹೆಚ್ಚಿನವರು 60ರಿಂದ 79 ವರ್ಷದವರು. ಕೊಡುವ ಸಾಲಕ್ಕೆ ಮರುಪಾವತಿ ಖಾತ್ರಿಯಿಲ್ಲದಿದ್ದರೂ ದೇಹದಿಂದ ತೆಗೆದ ಸಾಲದ ಬಿಲ್ಲು ಮಾತ್ರ ವರ್ಷಗಳ ನಂತರವಾದರೂ ತಪ್ಪದೆ ಬರುತ್ತದೆ. ಇಪ್ಪತ್ತೈದರಲ್ಲಿ ‘ನನಗೇನೂ ಆಗಿಲ್ಲವಲ್ಲ’ ಎನ್ನುವವರು ಈ ಅಂಕಿಯನ್ನು ಎರಡು ಸಲ ಓದಬೇಕು.

ಅಷ್ಟು ದುಡಿಸಿ ಸಂಸ್ಥೆಗಾದರೂ ಏನು ಸಿಗುತ್ತದೆ? ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ದುಡಿದವರ ದಾಖಲೆಗಳನ್ನು ಅರ್ಥಶಾಸ್ತ್ರಜ್ಞ ಜಾನ್ ಪೆಂಕಾವೆಲ್ 2014ರಲ್ಲಿ ಮತ್ತೆ ಜಾಲಾಡಿದರು. ವಾರಕ್ಕೆ ಸುಮಾರು ಐವತ್ತು ಗಂಟೆ ದಾಟಿದ ಮೇಲೆ ಪ್ರತಿ ಗಂಟೆಯ ಫಲ ಕುಸಿಯುತ್ತ ಹೋಗಿತ್ತು. 70 ಗಂಟೆ ದುಡಿದವರ ಉತ್ಪಾದನೆಗೂ 56 ಗಂಟೆ ದುಡಿದವರ ಉತ್ಪಾದನೆಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಮಾಡಿದ ಗುಂಡುಗಳನ್ನು ಎಣಿಸಬಹುದಾಗಿದ್ದ ಕೆಲಸದಲ್ಲೇ ಹೀಗೆ. ಎಣಿಸಲು ಬಾರದ ಕಚೇರಿ ಕೆಲಸದಲ್ಲಿ ಇನ್ನೂ ವಿಚಿತ್ರ ನಡೆಯುತ್ತದೆ. ಒಂದು ಸಲಹಾ ಸಂಸ್ಥೆಯನ್ನು ಅಧ್ಯಯನ ಮಾಡಿದ ಎರಿನ್ ರೀಡ್ 2015ರಲ್ಲಿ ಬರೆದಂತೆ, ವಾರಕ್ಕೆ ಎಂಬತ್ತು ಗಂಟೆ ನಿಜವಾಗಿ ದುಡಿಯುವವರು ಯಾರು, ಹಾಗೆ ತೋರಿಸಿಕೊಳ್ಳುವವರು ಯಾರು ಎಂದು ಮೇಲಿನವರಿಗೆ ಗುರುತಿಸಲಾಗುತ್ತಿರಲಿಲ್ಲ. ಸದ್ದಿಲ್ಲದೆ ಕೆಲಸ ಕಡಿಮೆ ಮಾಡಿಕೊಂಡವರಿಗೆ ಒಳ್ಳೆಯ ಅಂಕ ಬಂದವು. ಬಾಯಿಬಿಟ್ಟು ರಿಯಾಯಿತಿ ಕೇಳಿದವರಿಗೆ ಪೆಟ್ಟು ಬಿತ್ತು. ಈ ಪಾಠವನ್ನು ಕಿರಿಯರು ಬೇಗ ಕಲಿಯುತ್ತಾರೆ, ಕಲಿತ ಮೇಲೆ ಮೇಲಧಿಕಾರಿಯ ಮಾತನ್ನು ಎಂದಿನಂತೆ ಗೌರವಿಸುವುದು ಅವರಿಗೆ ಕಷ್ಟವಾಗುತ್ತದೆ.

ಗಂಟೆಗಿಂತ ಆಳದಲ್ಲಿರುವ ಸಂಗತಿ ಹಿಡಿತದ್ದು. 1979ರಲ್ಲೇ, ಲೇಝಿಯರ್ ಬರೆದ ಅದೇ ವರ್ಷ, ರಾಬರ್ಟ್ ಕರಾಸೆಕ್ ಎಂಬ ಸಮಾಜಶಾಸ್ತ್ರಜ್ಞ ಕೆಲಸದ ಒತ್ತಡವನ್ನು ಎರಡು ಅಳತೆಗಳಲ್ಲಿ ನೋಡಿದರು. ಒಂದು, ಕೆಲಸ ಎಷ್ಟು ಬೇಡುತ್ತದೆ. ಎರಡು, ಅದನ್ನು ಹೇಗೆ, ಯಾವಾಗ ಮಾಡಬೇಕೆಂದು ತೀರ್ಮಾನಿಸುವ ಅಧಿಕಾರ ಮಾಡುವವನಿಗೆ ಎಷ್ಟಿದೆ. ಬೇಡಿಕೆ ಹೆಚ್ಚಿದ್ದು ಹಿಡಿತವೂ ಇದ್ದರೆ ಮನುಷ್ಯ ಕಲಿಯುತ್ತಾನೆ, ಬೆಳೆಯುತ್ತಾನೆ. ಬೇಡಿಕೆ ಹೆಚ್ಚಿದ್ದು ಹಿಡಿತವಿಲ್ಲದಿದ್ದರೆ ಬಳಲುತ್ತಾನೆ. ಮುಖ್ಯಸ್ಥರು ‘ನಾನೂ ದಿನಕ್ಕೆ ಹನ್ನೆರಡು ಗಂಟೆ ದುಡಿಯುತ್ತೇನೆ’ ಎನ್ನುವಾಗ ಅದು ನಿಜವೇ ಇರುತ್ತದೆ. ಆದರೆ ಮೀಟಿಂಗನ್ನು ನಾಲ್ಕಕ್ಕೆ ಇಡಬೇಕೋ ಏಳಕ್ಕೆ ಇಡಬೇಕೋ ತೀರ್ಮಾನಿಸುವವರು ಅವರು. ಮಗುವಿನ ಶಾಲೆಯ ಕಾರ್ಯಕ್ರಮಕ್ಕೆ ಹೋಗಿ ಬಂದು ರಾತ್ರಿ ಕುಳಿತು ಮುಗಿಸಲು ಅವರಿಗೆ ಯಾರ ಅನುಮತಿಯೂ ಬೇಡ. ಕೆಳಗಿನವನ ಹನ್ನೆರಡು ಗಂಟೆಗೂ ಮೇಲಿನವನ ಹನ್ನೆರಡು ಗಂಟೆಗೂ ಗಡಿಯಾರದಲ್ಲಿ ಮಾತ್ರ ಸಾಮ್ಯ. ಸಂಸ್ಥೆಯ ಏಣಿಯಲ್ಲಿ ಬೇಡಿಕೆ ಹೆಚ್ಚಿದ್ದು ಹಿಡಿತ ಅತಿ ಕಡಿಮೆ ಇರುವ ಮೆಟ್ಟಿಲಿನಲ್ಲಿ ನಿಂತಿರುವವರು ಯುವಕರು, ಹಾಗಾಗಿ ಸಮತೋಲನದ ಮಾತು ಅವರ ಬಾಯಿಂದ ಮೊದಲು ಬರುವುದರಲ್ಲಿ ಸೋಜಿಗವಿಲ್ಲ.

ಇನ್ನು ತೃಪ್ತಿ. ಸಂಸ್ಥೆಗಳು ಅದನ್ನು ಖರೀದಿಸಲು ಹೊರಟಾಗ ನಡೆಯುವ ಎಡವಟ್ಟನ್ನು ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ವಿವರಿಸಿದ್ದರು. ಸುಮಾರು ಇನ್ನೂರು ಇಂಜಿನಿಯರುಗಳು ಮತ್ತು ಲೆಕ್ಕಿಗರನ್ನು ಮಾತಾಡಿಸಿದ ಅವರಿಗೆ ಕಂಡದ್ದು, ತೃಪ್ತಿ ಮತ್ತು ಅತೃಪ್ತಿಯ ಬೇರುಗಳು ಬೇರೆ ಬೇರೆ ಎಂಬುದು. ಸಂಬಳ, ಕಚೇರಿಯ ಸೌಕರ್ಯ, ನಿಯಮಗಳು, ಮೇಲ್ವಿಚಾರಣೆ ಕೆಟ್ಟಿದ್ದರೆ ಜನ ಬೇಸರಗೊಳ್ಳುತ್ತಾರೆ, ಸರಿಯಿದ್ದರೆ ಬೇಸರ ಹೋಗುತ್ತದೆ, ಅಷ್ಟೇ. ತೃಪ್ತಿ ಹುಟ್ಟುವುದು ಮಾಡಿದ ಕೆಲಸ ಕೈಗೂಡಿದಾಗ, ಅದನ್ನು ಯಾರಾದರೂ ಗುರುತಿಸಿದಾಗ, ಹೊಣೆ ಸಿಕ್ಕಾಗ. ಅವರ ವಿಧಾನದ ಬಗ್ಗೆ ತಕರಾರುಗಳು ಆಗಿನಿಂದಲೂ ಇವೆ. ಆದರೂ ಕಚೇರಿಯಲ್ಲಿ ಆಟದ ಮೇಜು ತಂದಿಟ್ಟು, ಧ್ಯಾನದ ಆ್ಯಪಿಗೆ ಚಂದಾ ಕಟ್ಟಿ, ಶುಕ್ರವಾರ ಬಣ್ಣದ ಬಟ್ಟೆಗೆ ಅನುಮತಿ ಕೊಟ್ಟ ನಂತರವೂ ರಾಜೀನಾಮೆಗಳು ನಿಲ್ಲದಿದ್ದಾಗ ಮಾನವ ಸಂಪನ್ಮೂಲ ವಿಭಾಗದವರು ಆ ಹಳೆಯ ಸಂಶೋಧನೆಯನ್ನೊಮ್ಮೆ ತಿರುವಿಹಾಕಬಹುದು.

ಇಲ್ಲಿ ಕಿರಿಯರ ಜೊತೆಗೂ ನನ್ನದೊಂದು ತಕರಾರಿದೆ. ಸಮತೋಲನ ಸಿಕ್ಕರೆ ತೃಪ್ತಿಯೂ ತಾನಾಗಿ ಸಿಗುತ್ತದೆ ಎಂದು ಹಲವರು ನಂಬಿದ್ದಾರೆ. ಐದಕ್ಕೆ ಮುಗಿಯುವ, ಯಾರೂ ಕಾಡದ, ಆದರೆ ಎರಡು ವರ್ಷದಿಂದ ಅದೇ ಕೋಷ್ಟಕವನ್ನು ತುಂಬಿಸುವ ಕೆಲಸದಲ್ಲಿ ಒಣಗಿಹೋದವರನ್ನು ನಾನು ಬಲ್ಲೆ. ಅವರ ಸಂಜೆಗಳು ಅವರವೇ, ಹಗಲುಗಳು ಯಾರವೂ ಅಲ್ಲ. ಒಂದು ಕಸುಬು ಕೈಗೆ ಹತ್ತುವವರೆಗೆ ಬೇಸರದ, ಬೈಸಿಕೊಳ್ಳುವ, ತಿದ್ದಿ ಮತ್ತೆ ಮಾಡುವ ದೀರ್ಘ ಅವಧಿಯೊಂದು ಇದ್ದೇ ಇರುತ್ತದೆ. ಅದನ್ನು ತಪ್ಪಿಸಿಕೊಂಡವರಿಗೆ ಕೆಲಸದ ಸುಖವೂ ತಪ್ಪುತ್ತದೆ. ಹೊಸಬನಿಗೆ ಅನುಭವಿಯೊಬ್ಬರು ಪಕ್ಕ ಕುಳಿತು ಒಂದು ತಪ್ಪನ್ನು ತೋರಿಸುತ್ತಿದ್ದರೆ ಅದು ಏಳು ಗಂಟೆಯಾದರೂ ಶೋಷಣೆಯಲ್ಲ. ಅದೇ ಏಳು ಗಂಟೆಗೆ, ಯಾರೂ ಓದದ ವರದಿಯ ಹದಿನಾರನೆಯ ಪುಟದ ಬಣ್ಣ ಬದಲಿಸುತ್ತ ಕೂರಿಸಿದರೆ ಶೋಷಣೆ. ಎರಡರ ವ್ಯತ್ಯಾಸವನ್ನು ಗಡಿಯಾರ ಹೇಳುವುದಿಲ್ಲ, ಆದರೆ ಕುಳಿತವನಿಗೆ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ.

ಮನೆಯಿಂದಲೇ ಕೆಲಸ ಮಾಡುವ ಪ್ರಶ್ನೆ ತೊಡಕಾಗುವುದು ಇಲ್ಲಿಯೇ. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡುವ ಪ್ರಯೋಗವೊಂದು ಚೀನಾದ ಟ್ರಿಪ್.ಕಾಮ್ ಕಂಪನಿಯ 1,612 ನೌಕರರ ಮೇಲೆ ನಡೆದು, ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದರಷ್ಟು ಇಳಿದಿತ್ತು. ಕಾರ್ಯಕ್ಷಮತೆಗಾಗಲಿ ಬಡ್ತಿಗಾಗಲಿ ಧಕ್ಕೆಯಾಗಿರಲಿಲ್ಲ. ಅತ್ತ ಅಮೆರಿಕದ ದೊಡ್ಡ ಸಂಸ್ಥೆಯೊಂದರ ಸಾಫ್ಟ್‌ವೇರ್ ಇಂಜಿನಿಯರುಗಳನ್ನು ಗಮನಿಸಿದ ಇನ್ನೊಂದು ಅಧ್ಯಯನ ಬೇರೆಯದನ್ನೇ ತೋರಿಸಿತು. ಒಂದೇ ಕಟ್ಟಡದಲ್ಲಿ ಕೂರುವ ತಂಡಗಳಲ್ಲಿ ಕಿರಿಯರ ಕೆಲಸಕ್ಕೆ ಹಿರಿಯರಿಂದ ಬರುವ ತಿದ್ದುಪಡಿ, ಟಿಪ್ಪಣಿಗಳು ಹೆಚ್ಚು. ದೂರವಾದಾಗ ಅವು ಕಡಿಮೆಯಾದವು. ಕಲಿಸುವ ಹೊರೆ ಇಳಿದಿದ್ದರಿಂದ ಅನುಭವಿಗಳ ಸ್ವಂತ ಕೆಲಸ ಹೆಚ್ಚಾಯಿತು, ನಷ್ಟವಾದದ್ದು ಹೊಸಬರಿಗೆ. ಎರಡೂ ನಿಜವಾಗಿರಲು ಅಡ್ಡಿಯಿಲ್ಲ. ಕೆಲಸ ಕಲಿತವರಿಗೆ ಮನೆ ವರ, ಕಲಿಯಬೇಕಾದವರಿಗೆ ಅದೇ ಗೋಡೆ. ವಾರಪೂರ್ತಿ ಕಚೇರಿಗೆ ಬನ್ನಿ ಎಂದು ಕಿರಿಯರನ್ನು ಕರೆಸಿ, ಕಲಿಸಬೇಕಾದ ಹಿರಿಯರು ತಾವು ಮನೆಯಲ್ಲೇ ಉಳಿದರೆ ಮಾತ್ರ ಅದಕ್ಕೆ ಏನೆನ್ನಬೇಕೋ ಗೊತ್ತಾಗುವುದಿಲ್ಲ.

ಕಾನೂನುಗಳು ಏನು ಮಾಡಿವೆ? ಕೆಲಸದ ಅವಧಿ ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು ಫ್ರಾನ್ಸ್ 2017ರ ಜನವರಿಯಿಂದ ಜಾರಿಗೆ ತಂದಿತು. ದೊಡ್ಡ ಸಂಸ್ಥೆಗಳು ಇದರ ಬಗ್ಗೆ ನೌಕರರ ಪ್ರತಿನಿಧಿಗಳೊಂದಿಗೆ ಮಾತುಕತೆ ನಡೆಸಬೇಕು ಎಂಬುದು ಅದರ ಸಾರ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ ಇಂಥ ಹಕ್ಕು ಬಂತು, ಸಣ್ಣ ಉದ್ದಿಮೆಗಳಿಗೆ ಒಂದು ವರ್ಷ ತಡವಾಗಿ ಅನ್ವಯವಾಯಿತು. ಅಲ್ಲಿ ಅವಧಿ ಮೀರಿದ ಕರೆ, ಸಂದೇಶಗಳನ್ನು ನೌಕರ ನಿರಾಕರಿಸಬಹುದು, ನಿರಾಕರಣೆ ಅಸಮಂಜಸವಾಗಿರಬಾರದು ಅಷ್ಟೇ. ಅತಿದುಡಿಮೆಯಿಂದ ಬರುವ ಸಾವಿಗೆ ‘ಕರೋಶಿ’ ಎಂಬ ಪದವನ್ನೇ ಹುಟ್ಟಿಸಬೇಕಾಗಿ ಬಂದ ಜಪಾನ್, 2018ರಲ್ಲಿ ಕಾಯ್ದೆ ತಿದ್ದಿ ಹೆಚ್ಚುವರಿ ದುಡಿಮೆಗೆ ತಿಂಗಳಿಗೆ 45, ವರ್ಷಕ್ಕೆ 360 ಗಂಟೆಗಳ ಮಿತಿ ಹಾಕಿತು. ಆದರೆ ವಿಶೇಷ ಸಂದರ್ಭವೆಂಬ ಹೆಸರಿನಲ್ಲಿ ಒಂದು ತಿಂಗಳಲ್ಲಿ ಸುಮಾರು ನೂರು ಗಂಟೆಯವರೆಗೂ ಹೋಗಲು ಬಾಗಿಲು ತೆರೆದಿಟ್ಟಿತು. ದಕ್ಷಿಣ ಕೊರಿಯಾದಲ್ಲಿ ನಡೆದದ್ದು ಹೆಚ್ಚು ಕುತೂಹಲಕರ. ವಾರಕ್ಕೆ 52 ಗಂಟೆಯ ಮಿತಿಯನ್ನು ಸಡಿಲಿಸಿ 69 ಗಂಟೆಯವರೆಗೂ ದುಡಿಸಲು ಅವಕಾಶ ಕೊಡುವ ಪ್ರಸ್ತಾವವನ್ನು ಸರ್ಕಾರ 2023ರಲ್ಲಿ ತಂದಿತು. ಒಂದು ವಾರ ಹೆಚ್ಚು ದುಡಿದು ಇನ್ನೊಂದು ವಾರ ರಜೆ ಪಡೆಯಬಹುದು ಎಂಬ ಸಮರ್ಥನೆಯೂ ಇತ್ತು. ಯುವ ನೌಕರರು ತಿರುಗಿಬಿದ್ದರು, ಸರ್ಕಾರ ಹಿಂದೆ ಸರಿಯಿತು. ಇಂದು ದುಡಿ, ರಜೆ ಮುಂದೆ ಕೊಡುತ್ತೇವೆ ಎಂಬ ಮಾತಿಗೆ ಅಲ್ಲಿಯೂ ಉದ್ದರಿಯ ವಾಸನೆ ಬಂದಿತ್ತು.

ಹಕ್ಕು ಕಾಗದದಲ್ಲಿರುವುದು ಒಳ್ಳೆಯದೇ. ಆದರೆ ಪ್ರೊಬೇಷನ್‌ನಲ್ಲಿರುವ ಹುಡುಗ ಅದನ್ನು ಬಳಸುವುದಿಲ್ಲ. ರಾತ್ರಿಯ ಸಂದೇಶಕ್ಕೆ ಉತ್ತರಿಸದವನನ್ನು ಶಿಕ್ಷಿಸಬಾರದೆಂದು ಕಾನೂನು ಹೇಳೀತು, ಉತ್ತರಿಸಿದವನಿಗೆ ಬಡ್ತಿ ಕೊಡಬಾರದೆಂದು ಹೇಳಲಾರದು. ಬೆಳಿಗ್ಗೆ ಎದ್ದು ಫೋನ್ ನೋಡಿದ ಮೇಲಷ್ಟೇ ಅಂದಿನ ಪಾಳಿ ತಿಳಿಯುವ ಅಂಗಡಿ ನೌಕರರಿಗೆ, ಆರ್ಡರ್ ಬಂದರೆ ಮಾತ್ರ ದುಡಿಮೆಯಾಗುವ ಡೆಲಿವರಿ ಸವಾರರಿಗೆ ಸಂಪರ್ಕ ಕಡಿದುಕೊಳ್ಳುವುದೆಂದರೆ ಸಂಪಾದನೆ ಕಡಿದುಕೊಂಡಂತೆ. ಸಮತೋಲನದ ಚರ್ಚೆಯಲ್ಲಿ ಇವರು ಕಾಣಿಸುವುದೇ ಇಲ್ಲ ಎಂಬುದು ನನ್ನನ್ನು ಕಾಡುವ ಸಂಗತಿ. ಹವಾನಿಯಂತ್ರಿತ ಕೊಠಡಿಯವರ ದಣಿವಿಗೆ ಸಿಗುವಷ್ಟು ಅಕ್ಷರಗಳು ಇವರ ದಣಿವಿಗೆ ಸಿಗುವುದಿಲ್ಲ.

ವಾರಕ್ಕೆ ನಾಲ್ಕು ದಿನದ ಕೆಲಸದ ಸುದ್ದಿ ಮೇಲಿಂದ ಮೇಲೆ ಬರುತ್ತಿರುತ್ತದೆ. 2022ರಲ್ಲಿ ಬ್ರಿಟನ್ನಿನ 61 ಸಂಸ್ಥೆಗಳ ಸುಮಾರು 2,900 ನೌಕರರು ಸಂಬಳ ಕಡಿತವಿಲ್ಲದೆ ಆರು ತಿಂಗಳು ಹಾಗೆ ದುಡಿದು ನೋಡಿದರು. ಶೇ 71ರಷ್ಟು ಮಂದಿಯ ಬಳಲಿಕೆ ತಗ್ಗಿತ್ತು, 56 ಸಂಸ್ಥೆಗಳು ಅದನ್ನೇ ಮುಂದುವರಿಸಿದವು. ಉತ್ಸಾಹದ ಅಂಕಿಗಳೇ. ಆದರೆ ತಾವಾಗಿ ಮುಂದೆ ಬಂದ ಸಂಸ್ಥೆಗಳವು ಎಂಬುದನ್ನು ಮರೆಯಬಾರದು. ಮೀಟಿಂಗುಗಳನ್ನು ಕತ್ತರಿಸಿ, ಯಾವ ಕೆಲಸ ಬೇಕು, ಯಾವುದು ಬೇಡ ಎಂದು ಮೊದಲೇ ಕುಳಿತು ಮಾತಾಡಿಕೊಂಡಿದ್ದವರು ಅವರು. ಆ ಮಾತುಕತೆ ನಡೆಸದೆ ಐದು ದಿನದ ಕೆಲಸವನ್ನು ನಾಲ್ಕು ದಿನಕ್ಕೆ ತುರುಕಿದರೆ ಐದನೆಯ ದಿನ ಮಲಗಿ ಸುಧಾರಿಸಿಕೊಳ್ಳಲಿಕ್ಕೇ ಬೇಕಾಗುತ್ತದೆ.

ನನಗೆ ಇದಕ್ಕಿಂತ ಹೆಚ್ಚು ಭರವಸೆ ಹುಟ್ಟಿಸಿದ್ದು ಎರಡು ಸಣ್ಣ ಪ್ರಯೋಗಗಳು. ಹಗಲಿರುಳು ದುಡಿಮೆಗೆ ಹೆಸರಾದ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಎಂಬ ಸಲಹಾ ಸಂಸ್ಥೆಯಲ್ಲಿ ಲೆಸ್ಲಿ ಪರ್ಲೊ ಎಂಬ ಸಂಶೋಧಕಿ, ತಂಡದ ಪ್ರತಿಯೊಬ್ಬರಿಗೂ ವಾರದಲ್ಲಿ ಮೊದಲೇ ಗೊತ್ತುಪಡಿಸಿದ ಒಂದು ಸಂಜೆಯನ್ನು ಕಡ್ಡಾಯವಾಗಿ ಬಿಡುವು ಕೊಡಿಸಿದರು. ಆರು ಗಂಟೆಯ ನಂತರ ಇಮೇಲ್ ಕೂಡ ನೋಡುವಂತಿಲ್ಲ. ಒಂದೇ ಒಂದು ಸಂಜೆ! ಆರಂಭದಲ್ಲಿ ನೌಕರರೇ ಹಿಂಜರಿದರು, ಗಿರಾಕಿಗಳ ಎದುರು ಮರ್ಯಾದೆ ಹೋದೀತೆಂಬ ಭಯ. ಆದರೆ ಒಬ್ಬರು ಇಲ್ಲದಾಗ ಇನ್ನೊಬ್ಬರು ನೋಡಿಕೊಳ್ಳಬೇಕಾದ್ದರಿಂದ ತಂಡದೊಳಗೆ ಮಾತು ಹೆಚ್ಚಿತು, ಯಾರ ತಲೆಯ ಮೇಲೆ ಏನಿದೆ ಎಂಬುದು ಎಲ್ಲರಿಗೂ ತಿಳಿಯಿತು. 2009ರಲ್ಲಿ ಅವರು ಬರೆದ ಲೇಖನದ ಪ್ರಕಾರ ಆ ತಂಡಗಳಲ್ಲಿ ಕೆಲಸದ ತೃಪ್ತಿಯೂ ಹೆಚ್ಚಿತ್ತು. ಇನ್ನೊಂದು ಪ್ರಯೋಗ ಗ್ಯಾಪ್ ಬಟ್ಟೆ ಮಳಿಗೆಗಳದ್ದು. ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಶಿಕಾಗೊದ 28 ಮಳಿಗೆಗಳಲ್ಲಿ ನಡೆದ ಆ ಅಧ್ಯಯನದಲ್ಲಿ, ನೌಕರರ ಪಾಳಿಗಳನ್ನು ಸ್ಥಿರಗೊಳಿಸಿ ಕೊನೆಗಳಿಗೆಯ ಬದಲಾವಣೆಗಳನ್ನು ತಗ್ಗಿಸಿದ ಕಡೆ ಮಾರಾಟ ಶೇ 7ರಷ್ಟು ಏರಿತು.  ಎರಡೂ ಕಡೆ, ನಾಳಿದ್ದಿನ ಸಂಜೆ ನನ್ನದೇ ಎಂದು ಇಂದೇ ಗೊತ್ತಿದ್ದದ್ದೇ ವ್ಯತ್ಯಾಸ.

ಇಷ್ಟು ಸರಳವಾದದ್ದನ್ನು ಎಲ್ಲರೂ ಏಕೆ ಮಾಡುವುದಿಲ್ಲ? ಉತ್ತರ ನಡುವಿನ ಮೆಟ್ಟಿಲಿನಲ್ಲಿದೆ. ಗ್ಯಾಲಪ್ ಸಂಸ್ಥೆಯ ಜಾಗತಿಕ ಸಮೀಕ್ಷೆಯಲ್ಲಿ 2024ರಲ್ಲಿ ಮನಸ್ಸಿಟ್ಟು ಕೆಲಸದಲ್ಲಿ ತೊಡಗಿರುವ ವ್ಯವಸ್ಥಾಪಕರ ಪ್ರಮಾಣ ಶೇ 30ರಿಂದ 27ಕ್ಕೆ ಇಳಿದಿತ್ತು. 35 ವರ್ಷದೊಳಗಿನ ವ್ಯವಸ್ಥಾಪಕರಲ್ಲಿ ಕುಸಿತ ಇನ್ನೂ ಹೆಚ್ಚು. ಇವರು ಸಾಲ ಕೊಟ್ಟು ಅರ್ಧ ದಾರಿಗೆ ಬಂದವರು. ಕಿರಿಯರಿಗೆ ನಗದು ಕೊಡಬೇಕು, ತಮ್ಮ ಬಾಕಿ ಇನ್ನೂ ವಸೂಲಾಗಿಲ್ಲ. ಕಿರಿಯನೊಬ್ಬ ಆರಕ್ಕೆ ಎದ್ದು ಹೋದಾಗ ಅವನು ಬಿಟ್ಟ ಕೆಲಸ ಇವರ ಮೇಜಿಗೆ ಬರುತ್ತದೆ. ಗೊಣಗಾಟದ ಅರ್ಧ ಪಾಲು ಬರುವುದು ಇಲ್ಲಿಂದಲೇ, ಅದರಲ್ಲಿ ಅಸೂಯೆಯೂ ಇದೆ, ನ್ಯಾಯವೂ ಇದೆ.

ಇಮೇಲ್ ತಂತ್ರಾಂಶಗಳಲ್ಲಿ ಸಂದೇಶವನ್ನು ಈಗ ಬರೆದಿಟ್ಟು ಬೆಳಿಗ್ಗೆ ಒಂಬತ್ತಕ್ಕೆ ತಾನಾಗಿ ಹೋಗುವಂತೆ ಮಾಡುವ ಗುಂಡಿಯೊಂದು ಇರುತ್ತದೆ. ಅದಕ್ಕೆ ಕಾನೂನು ಬೇಡ, ಮಾನವ ಸಂಪನ್ಮೂಲ ವಿಭಾಗದ ಸುತ್ತೋಲೆಯೂ ಬೇಡ. ರಾತ್ರಿ ಒಂಬತ್ತೂವರೆಗೆ ‘ನಾಳೆ ನೋಡಿದರೆ ಸಾಕು’ ಎಂದು ಬರೆಯುತ್ತಿದ್ದ ದಿನಗಳಲ್ಲಿ ಆ ಗುಂಡಿ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಅದನ್ನು ಒತ್ತುತ್ತಿರಲಿಲ್ಲ. ಆ ಸಂದೇಶದ ಪ್ರತಿ ನನ್ನ ಮೇಲಧಿಕಾರಿಗೂ ಹೋಗುತ್ತಿತ್ತು, ನಾನು ಆ ಹೊತ್ತಿಗೂ ದುಡಿಯುತ್ತಿದ್ದೇನೆ ಎಂದು ಅವರಿಗೆ ಕಾಣಬೇಕಿತ್ತು.